ಅಜ್ಜಿ ಹಾಕಿಸಿಕೊಂಡ ಗುಡಿಸಲು

ನಮ್ಮ ಜನಕ್ಕೆ ಮನೆ ಕಟ್ಟುವುದು ಅಂಥ ದೊಡ್ಡ ಸಂಗತಿಯೇನಲ್ಲ. ನಾಲ್ಕು ಗೂಟ, ಒಂದಿಷ್ಟು ಬಿದಿರು, ಮೇಲೆ ಹುಲ್ಲು. ಒಳಗೆ ಯಾರಾದರೂ ಸತ್ತರೆ ಆ ಗುಡಿಸಲನ್ನು ಕಿತ್ತು ಬೇರೆ ಕಡೆ ಹೋಗಬೇಕು. ಸಾವಾದ ಸೂರಿನ ಕೆಳಗೆ ಮತ್ತೆ ಬಾಳುವಂತಿಲ್ಲ. ಉಂಬ್ಳೇಬೈಲಿನ ಆಚೆಯ ಕಾಡಿನಲ್ಲಿ ಜೇನು, ಸೀಗೆಕಾಯಿ ಕೂಡಿಸಿ ಬದುಕುತ್ತಿದ್ದವರಿಗೆ ಅದರಿಂದ ಏನೂ ತೊಂದರೆಯಿರಲಿಲ್ಲ. ತೊಂದರೆ ಶುರುವಾದದ್ದು ನಾವು ಭದ್ರಾವತಿಗೆ ಬಂದು ಹೆಂಚಿನ ಮನೆ ಸೇರಿದ ಮೇಲೆ.

ಬಂದದ್ದು ಹೊಟ್ಟೆಪಾಡಿಗೆ. ಕಬ್ಬಿಣದ ಕಾರ್ಖಾನೆಯ ಇದ್ದಿಲಿಗೆ ಮರ ಕಡಿಯುತ್ತಿದ್ದ ಅಪ್ಪನಿಗೆ ಸೌದೆ ಯಾರ್ಡಿನಲ್ಲಿ ಕೆಲಸವೂ ಕೂಲಿ ಲೈನಿನಲ್ಲಿ ಒಂದು ಕೋಣೆಯೂ ಸಿಕ್ಕಿದವು. ಅಪ್ಪ, ಅವ್ವ, ಅಪ್ಪನ ತಾಯಿ, ನಾನು, ನಾಲ್ವರೂ ಅಷ್ಟರಲ್ಲೇ. ಅಪ್ಪನಿಗೆ ಆ ಊರು ಒಗ್ಗಲೇ ಇಲ್ಲ. ಸೈರನ್ ಕೂಗಿದಾಗಲೆಲ್ಲ ಬೆಚ್ಚಿಬೀಳುತ್ತಿದ್ದ, ಆಮೇಲೆ ಬೆಚ್ಚಿದ್ದಕ್ಕೆ ನಮ್ಮ ಮೇಲೆ ರೇಗುತ್ತಿದ್ದ.

ನನಗೆ ಮಾತ್ರ ಅದು ಸ್ವರ್ಗ. ನ್ಯೂ ಟೌನಿನ ಕಡೆ ಶಾಲೆಯಿತ್ತು. ಇದ್ದ ಒಂದೇ ಲಂಗವನ್ನು ಸಂಜೆ ಒಗೆದು, ಬೆಳಿಗ್ಗೆ ಹಸಿಯಾಗಿಯೇ ಉಟ್ಟು ಓಡುತ್ತಿದ್ದೆ. ಕಾಡಿನವಳೆಂದು ಹಿಂದಿನ ಸಾಲಿನಲ್ಲಿ ಕೂರಿಸಿದರು. ಕಿವಿ ಚುರುಕಾಗಿದ್ದರೆ ಹಿಂದಿನ ಸಾಲಿಗೂ ಪಾಠ ಕೇಳಿಸುತ್ತದೆ. ಒಂದು ದಿನ ಮೇಷ್ಟ್ರಮ್ಮ, "ಶಿವಮೊಗ್ಗಕ್ಕೆ ಹೋಗಿ ಲೋವರ್ ಸೆಕೆಂಡರಿ ಪರೀಕ್ಷೆ ಬರೆದು ಪಾಸು ಮಾಡ್ಕೊಂಡು ಬಾರೇ, ನನ್ನ ಹಾಗೇ ಪಾಠ ಹೇಳಬಹುದು" ಅಂದರು. ಅಂದಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಪರೀಕ್ಷೆಯ ವರ್ಷವೇ ಅಜ್ಜಿ ಹಾಸಿಗೆ ಹಿಡಿದಳು. ಮಾಗಿಯ ಚಳಿ, ಎದೆ ತುಂಬ ಕೆಮ್ಮು. ಆಸ್ಪತ್ರೆಯವರು ವಯಸ್ಸಾಯಿತು ಎಂದು ಕೈಚೆಲ್ಲಿದರು. ಅಪ್ಪ ಹಗ್ಗ, ಬುಟ್ಟಿಗಳನ್ನು ಹೊರಗೆ ತೆಗೆದು ಗಂಟು ಕಟ್ಟತೊಡಗಿದ.

"ನಮ್ಮವ್ವ ಹೋದ್ಲು ಅಂದ್ರೆ ಈ ಮನೇಲಿ ಇರಂಗಿಲ್ಲ. ಕಾಡಿಗೇ ಹೋಗ್ತೀವಿ" ಅಂದ.

"ಕೂಸಿನ ಪರೀಕ್ಷೆ?" ಅವ್ವ ಕೇಳಿದಳು.

"ಜೇನು ಬಿಡಿಸಕ್ಕೆ ಯಾವ ಪರೀಕ್ಷೆ ಬೇಕಾಗಿತ್ತು?"

ಅಪ್ಪ ತಾಯಿಗಾಗಿ ಅಳುತ್ತಲೂ ಇದ್ದ, ಕಾಡಿಗೆ ಹೋಗುವ ನೆಪ ಸಿಕ್ಕಿತೆಂದು ಹಗುರವಾಗುತ್ತಲೂ ಇದ್ದ. ಅವನನ್ನು ಬೈಯುವ ಹಕ್ಕು ನನಗಿಲ್ಲ. ನಾನು ದಿನಾ ಶಾಲೆಗೆ ಹೊರಡುವ ಮುಂಚೆ ಅಜ್ಜಿಯ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದೆ. ಅದು ಪ್ರೀತಿಯಲ್ಲ. ಪರೀಕ್ಷೆ ಮುಗಿಯುವ ತನಕ ಈ ಮುದುಕಿ ಸಾಯದಿರಲಿ, ಅಷ್ಟೇ. ಇದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ.

ಒಂದು ಬೆಳಿಗ್ಗೆ ಅವಳು ಕಣ್ಣು ಮುಚ್ಚಿಕೊಂಡೇ ನನ್ನ ಕೈ ಹಿಡಿದಳು. "ಇನ್ನೂ ಇದೀನಿ ಕಣೇ. ಹೋಗು ಸ್ಕೂಲಿಗೆ."

ನಾನು ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತೆ, ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಬಿಟ್ಟೆ. ಅಜ್ಜಿ ಬೈಯಲಿಲ್ಲ. ಸಂಜೆ ಅಪ್ಪ ಬಂದ ಕೂಡಲೇ, "ಹಿತ್ತಲಲ್ಲಿ ನಂಗೊಂದು ಗುಡಿಸ್ಲು ಹಾಕ್ಕೊಡು. ಅಲ್ಲೇ ಮಲಗ್ತೀನಿ" ಅಂದಳು.

"ಈ ಚಳೀಲಾ? ಹೆತ್ತ ತಾಯೀನ ಹೊರಗೆ ಹಾಕ್ದ ಅಂತಾರೆ ಜನ."

"ಜನ ಬಂದು ನಂಗೆ ಗಂಜಿ ಕಾಸ್ತಾರೇನೋ? ಈ ಕೈಯಾಗೆ ಏಳು ಗುಡಿಸ್ಲು ಕಿತ್ತೀನಿ. ಇದೊಂದು ಮನೆ ಉಳೀಲಿ ಮಾರಾಯ, ಕೂಸು ಓದ್ಲಿ."

ಎರಡು ದಿನ ಬಿಟ್ಟು, ಭಾನುವಾರ ಅಪ್ಪ ಬಿದಿರು ಹೊತ್ತು ತಂದು, ಮಧ್ಯಾಹ್ನದೊಳಗೆ ಗುಡಿಸಲು ಎಬ್ಬಿಸಿದ. ಲೈನಿನ ತಮಿಳು ಮೇಸ್ತ್ರಿ ಓಡಿ ಬಂದು, "ಏನಪ್ಪಾ ಇದು? ಇಲ್ಲಿ ಗುಡಿಸಲು ಹಾಕಬಾರದು, ಕಿತ್ತುಬಿಡು" ಎಂದು ಕೂಗಾಡಿದ.

"ನಾನು ಸತ್ ಮೇಲೆ ಕೀಳ್ತಾರೆ ಕಣಪ್ಪ, ಸ್ವಲ್ಪ ತಡಿ!" ಒಳಗಿನಿಂದ ಅಜ್ಜಿಯ ದನಿ ಬಂತು.

ಮೇಸ್ತ್ರಿ ಬಗ್ಗಿ ಒಳಗೆ ನೋಡಿದ. ವಿಷಯ ತಿಳಿದ ಮೇಲೆ ಹೊರಟು ಹೋದ. ಮರುದಿನ ಹಾಸಿಕೊಳ್ಳಲು ಎರಡು ಗೋಣಿಚೀಲ ಕಳಿಸಿದ.

ತಮಾಷೆಯೆಂದರೆ, ಹುಲ್ಲಿನ ಸೂರು ಅಜ್ಜಿಗೆ ಹಿಡಿಸಿತು. ಕೆಮ್ಮು ಇಳಿಯಿತು, ಸುಟ್ಟ ಗೆಣಸು ಕೇಳಿ ತಿಂದಳು. ನಾನು ಅಲ್ಲೇ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಯಾರ್ಡಿನಿಂದ ಬಂದ ಅಪ್ಪನೂ ಅಲ್ಲೇ ಕಾಲು ಚಾಚುತ್ತಿದ್ದ. ನಾನು ಓದಿದ ದೇಶಗಳ ಹೆಸರು ಕೇಳಿ, "ಅಲ್ಲೆಲ್ಲ ಜೇನು ಇದಾವಾ, ನೋಡು ಪುಸ್ತಕದಲ್ಲಿ" ಎನ್ನುತ್ತಿದ್ದ. ಅವನು ನನ್ನ ಓದಿನ ಬಗ್ಗೆ ಏನಾದರೂ ಕೇಳಿದ್ದು ಅದೇ ಮೊದಲು.

ಪರೀಕ್ಷೆಗೆ ಒಂದು ವಾರವಿದೆ ಎನ್ನುವಾಗ, ಒಂದು ಮಧ್ಯಾಹ್ನ ಅಜ್ಜಿ ಹೋದಳು. ಈ ಸಲ ನಾನು ಅತ್ತದ್ದು ಅವಳಿಗಾಗಿಯೇ.

ಮಣ್ಣು ಮಾಡಿ ಬಂದ ಮೇಲೆ ಅಪ್ಪ ಒಬ್ಬನೇ ಗುಡಿಸಲನ್ನು ಕಿತ್ತ. ಭದ್ರೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಬಂದು ಹೆಂಚಿನ ಮನೆಯ ಹೊಸಿಲ ಹೊರಗೆ ನಿಂತ. ಸಾವಾದದ್ದು ಹತ್ತು ಮಾರು ದೂರದಲ್ಲಿ. ಅಷ್ಟು ದೂರ ಸಾಕೋ ಸಾಲದೋ, ಹೇಳಲು ಹಿರಿಯರು ಯಾರೂ ಉಳಿದಿರಲಿಲ್ಲ. ಅವ್ವನೂ ನಾನೂ ಅವನ ಮುಖವನ್ನೇ ನೋಡುತ್ತಿದ್ದೆವು. ಬಹಳ ಹೊತ್ತಾದ ಮೇಲೆ ಅವನು ಒಳಗೆ ಬಂದು ಗೋಡೆಗೆ ಒರಗಿ ಕೂತ.

"ಶಿವಮೊಗ್ಗದ ರೈಲು ಎಷ್ಟು ಗಂಟೆಗಂತೆ?" ಎಂದು ನನ್ನನ್ನು ಕೇಳಿದ.