ಹಿಂದೆ ಮಾಡಿದವನ ತಪ್ಪು

ಹೊಳಲ್ಕೆರೆಯ ನಮ್ಮ ಮನೆಗೆ ಬರುತ್ತಿದ್ದ ಎಲೆಕ್ಟ್ರಿಷಿಯನ್, ಯಾವ ಬೋರ್ಡು ಬಿಚ್ಚಿದರೂ ಟೆಸ್ಟರನ್ನು ಕಿವಿಗೆ ಸಿಕ್ಕಿಸಿಕೊಂಡು, “ಯಾವನ್ರೀ ಇದನ್ನ ಮಾಡಿದ್ದು? ಬುದ್ಧಿ ಐತಾ ಅವ್ನಿಗೆ?” ಎನ್ನುತ್ತಿದ್ದ.

ಒಮ್ಮೆ ದಸರಾದ ಮರುದಿನ ಅಡುಗೆಮನೆಯ ಸಾಕೆಟ್ಟಿಗೆ ಮಿಕ್ಸಿ ಹಾಕಿದರೆ ಸಾಕು, ಮನೆಯ ಕರೆಂಟೆಲ್ಲ ಹೋಗುತ್ತಿತ್ತು. ಆತ ಬಂದು ಮೊದಲು ಮಿಕ್ಸಿಯನ್ನು ಬೈದ, ಆಮೇಲೆ ಬೀದಿಯ ಕಂಬವನ್ನು ಬೈದ, ಕೊನೆಗೆ ಸಾಕೆಟ್ ಬಿಚ್ಚಿದ. ತೂತುಗಳೊಳಗೆ ಹಸಿ ವಿಭೂತಿ, ಕುಂಕುಮ ಇಳಿದು ಮೆತ್ತಿಕೊಂಡಿತ್ತು.

“ಯಾವನ್ರೀ ಇದನ್ನ ಮಾಡಿದ್ದು?”

“ನೀನೇ ಕಣಪ್ಪ,” ಎಂದಳು ಅಮ್ಮ. “ಆಯುಧಪೂಜೆ ದಿನ ಬಂದು ಬೋರ್ಡಿಗೆಲ್ಲ ಬಳಿದು ಹೋದ್ಯಲ್ಲ!”

ಆತ ಕೆಮ್ಮಿ, ಹೊಸ ಸಾಕೆಟ್ ಕೂರಿಸಿದ. ಮಿಕ್ಸಿ ಗರ್ರೆಂದಿತು. ಹೊರಡುವಾಗ ದೇವರ ಗೂಡಿನ ವಿಭೂತಿಗೆ ನೀರು ಮುಟ್ಟಿಸಿ, ಸಾಕೆಟ್ಟಿನ ಮೇಲೆ ಮೂರು ಬೆರಳು ಎಳೆದ.

“ಹೊಸದು ನೋಡ್ರಮ್ಮ, ಪೂಜೆ ಇಲ್ದಂಗೆ ಬಿಡಬಾರ್ದು.”