ಡಾಕ್ಟರ ನೀರಡಿಕೆ, ಅವ್ವನ ಆಸರು

ಎರಡು ವರ್ಷದ ಹಿಂದಿನ ದಸರಾ ರಜೆಯ ಮಾತು. ನಾನು ಯಲ್ಲಾಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಶಿಕ್ಷಕಿ. ರಜೆ ಶುರುವಾದ ಮರುದಿನವೇ ಸಿದ್ದಾಪುರದ ಹತ್ತಿರ ಕೋಲಸಿರ್ಸಿಯಲ್ಲಿರುವ ತವರಿಗೆ ಹೊರಟೆ. ಅಲ್ಲಿ ಅಣ್ಣ ಅತ್ತಿಗೆಯ ಜೊತೆ ಅವ್ವ ಇದ್ದಾಳೆ.

ಬೇಸಿಗೆ ರಜೆಯಲ್ಲಿ ನೋಡಿದ ಅವ್ವ ಇವಳಲ್ಲ. ರವಿಕೆಯ ತೋಳು ಜೋತಾಡುತ್ತಿತ್ತು. ಕೈ ಎತ್ತಿದರೆ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಗದ್ದೆ ಕೊಯ್ಲಿನಲ್ಲಿ ಗಂಡಸರ ಸಮಕ್ಕೆ ಸಾಲು ಹಿಡಿಯುತ್ತಿದ್ದ ಹೆಂಗಸು ನಾಲ್ಕು ಮೆಟ್ಟಿಲು ಹತ್ತಿ ಕಂಬ ಹಿಡಿದು ನಿಂತಳು.

"ವಯಸ್ಸಾತಲ್ಲ ತಂಗಿ," ಅಂದ ಅಣ್ಣ. "ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಾನೇ ಇದ್ದೆ. ಶಕ್ತಿಗೆ ಅಂತ ಟಾನಿಕ್ ಕೊಟ್ಟಿದ್ರು. ಗ್ಲೂಕೋಸ್ ಪುಡಿ ಕದಡಿ ಕುಡೀರಿ ಅಂದಿದ್ರು."

ಮಧ್ಯಾಹ್ನ ಅಡುಗೆ ಮನೆಯಲ್ಲಿ ನೋಡುತ್ತೇನೆ, ಅವ್ವ ಚೊಂಬೆತ್ತಿ ಗಟಗಟ ನೀರು ಕುಡಿದಳು. ಅರ್ಧ ಗಂಟೆಯೂ ಆಗಿಲ್ಲ, ಮತ್ತೊಂದು ಚೊಂಬು.

"ಎಂತದೆ ಅವ್ವಾ, ಬಾವಿ ಬತ್ತಿಸ್ತೀಯಾ ಹೇಗೆ?"

"ಎಂತ ಮಾಡ್ಲಿ ಮಗಾ. ಎಷ್ಟು ಕುಡಿದ್ರೂ ಈ ಆಸರು ಹೋಗೂದೇ ಇಲ್ಲ."

ನಮ್ಮ ಕಡೆ ಆಸರು ಅಂದರೆ ಬಾಯಾರಿಕೆ. ಮನೆಗೆ ಯಾರೇ ಬರಲಿ, ಮೊದಲು ಕೇಳುವುದೇ "ಆಸರಿಗೆ ಎಂತ ಬೇಕು" ಎಂದು. ವಿಪರೀತ ಬಾಯಾರಿಕೆ, ಮೈ ಇಳಿಯುವುದು, ಸುಸ್ತು ಇವೆಲ್ಲ ಯಾವುದರ ಲಕ್ಷಣ ಎಂದು ಹತ್ತನೇ ಕ್ಲಾಸಿನ ಮಕ್ಕಳಿಗೆ ನಾನೇ ಪಾಠ ಹೇಳುತ್ತೇನೆ. ಸಕ್ಕರೆ ಕಾಯಿಲೆ ಇರಬಹುದೇ ಎಂದು ಹೆದರಿದೆ. ಗ್ಲೂಕೋಸ್ ಡಬ್ಬಿ ಎತ್ತಿ ಅಟ್ಟದ ಮೇಲಿಟ್ಟೆ.

"ಆಸರು ಅಂತ ಡಾಕ್ಟ್ರಿಗೆ ಹೇಳಿದ್ಯಾ?"

"ಹೋದಾಗೆಲ್ಲ ಹೇಳಿದ್ದೆ. ಅದ್ಕೇ ಅಲ್ದಾ ಟಾನಿಕ್ ಕೊಟ್ಟಿದ್ದು."

"ಮತ್ತೆ ಮತ್ತೆ ಒಂದಕ್ಕೆ ಅಂತ ಹೊರಗೆ ಹೋಗ್ತೀಯಲ್ಲ, ಅದನ್ನ?"

"ಗಂಡಸ್ರ ಹತ್ರ ಅದನ್ನೆಲ್ಲ ಹೇಳೂಕಾಗ್ತದಾ? ಸುಮ್ನಿರು."

ಆ ಡಾಕ್ಟರು ವಿಜಯಪುರ ಕಡೆಯವರು. ಸಿದ್ದಾಪುರದಲ್ಲಿ ಮೊದಲಿದ್ದ ವಯಸ್ಸಾದ ಡಾಕ್ಟರು ದವಾಖಾನೆ ಬಿಟ್ಟ ಮೇಲೆ ಅದೇ ಜಾಗಕ್ಕೆ ಬಂದು ಆರೇಳು ತಿಂಗಳಾಗಿತ್ತು. ಬಾಯಾರಿಕೆ ಅಂದವರಿಗೆ ಟಾನಿಕ್ ಕೊಡುವ ಇವರೆಂಥ ಡಾಕ್ಟರು ಎಂದು ನಾನು ಜಗಳಕ್ಕೇ ಸಿದ್ಧಳಾಗಿ ಮರುದಿನ ಬೆಳಿಗ್ಗೆ ಹೊರಟೆ. ಬಸ್ಸಿನಲ್ಲಿ ಅವ್ವ, "ಅವ್ರಿಗೆ ಎಂತದೂ ಅನ್ಬೇಡ. ಒಳ್ಳೆ ಜನ. ನಾಳೆ ಮತ್ತೆ ಅವ್ರ ಹತ್ರ ಹೋಗುವವಳು ನಾನು" ಅಂದಳು.

ನಾವು ಒಳಗೆ ಹೋಗುತ್ತಲೇ ಡಾಕ್ಟರು ನನ್ನ ಕಡೆ ತಿರುಗಿದರು. "ಮಗಳೇನ್ರಿ? ಛಲೋ ಆತು ನೀವು ಬಂದದ್ದು. ಏನ್ ತ್ರಾಸ ಐತಿ ಇವರಿಗೆ?"

ಅವ್ವ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಹೇಳಲು ಬಾಯಿ ತೆರೆದಿದ್ದ ನಾನು ತಡೆದುಕೊಂಡೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಪ್ರವೇಶಕ್ಕೆ ಹೋದ ದಿನ ಎದುರಿಗೇ ನಿಂತಿದ್ದ ನನ್ನನ್ನು ಬಿಟ್ಟು, ಅಲ್ಲಿನ ಗುಮಾಸ್ತರು ಜೊತೆಗೆ ಬಂದಿದ್ದ ಪಕ್ಕದ ಮನೆಯವರನ್ನು "ಈ ಹುಡುಗಿಗೆ ಯಾವ ವಿಷಯ ಬೇಕಂತೆ" ಎಂದು ಕೇಳಿದ್ದರು. ಅವತ್ತು ನಾನು ಕಲ್ಲಾಗಿ ನಿಂತಿದ್ದೆ. ಅವ್ವನ ಮುಖ ಈಗ ಹಾಗೇ ಇತ್ತು.

"ಸರ್, ತ್ರಾಸು ಅವ್ವಂದು. ಅವಳೇ ಹೇಳ್ಲಿ. ನಾನು ಕೂತು ಕೇಳ್ತೇನೆ" ಅಂದೆ.

ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ಕುರ್ಚಿಯನ್ನು ಅವ್ವನ ಹತ್ತಿರಕ್ಕೆ ಸರಿಸಿಕೊಂಡರು. "ಹೇಳ್ರಿ ಅಜ್ಜಿ."

"ಎಂತ ಹೇಳೂದು, ಆಸರು ಡಾಕ್ಟ್ರೆ. ಮೊದಲಿಂದ ಅದನ್ನೇ ಹೇಳ್ತಾ ಇದ್ದೆ."

"ಟಾನಿಕ್ ತಗೊಂಡ್ರೂ ಆಸರಾಗೂದು ಕಡಿಮಿ ಆಗವಲ್ದು? ವಯಸ್ಸಿಗೆ ದಣಿವು ಸ್ವಲ್ಪ ಇರೋದ ಐತ್ರಿ." ಆಮೇಲೆ ನನಗೆ ಕೇಳಲಿ ಎಂಬಂತೆ, "ಬ್ಯಾರೆ ಏನರ ಐತೇನು ಅಂತ ನಾ ಪ್ರತಿ ಸಲ ಕೇಳೇನ್ರಿ. ನೀರಡಿಕಿ ಐತೇನು ಅಂತನೂ ಕೇಳೇನಿ. ಇಲ್ಲ ಅಂತಾರ" ಅಂದರು.

"ಇಲ್ಲ ಇಲ್ಲ," ಅವ್ವ ತಲೆಯಾಡಿಸಿದಳು. "ಅದನ್ನ ಬಿಟ್ಟು ಭಾಳ ಕಾಲ ಆತು."

ನನಗೆ ಒಮ್ಮೆಗೇ ಕಿವಿ ನೆಟ್ಟಗಾಯಿತು. ಬಾಯಾರಿಕೆಯನ್ನು ಬಿಡುವುದು ಹೇಗೆ?

"ಅವ್ವಾ, ನೀನು ಬಿಟ್ಟಿದ್ದು ಎಂತ?"

"ನೀರಡಿಕೆ ಮಾರಾಯ್ತಿ. ನಾ ಬಂದಾಗೆಲ್ಲ ಡಾಕ್ಟ್ರು ಅದನ್ನೇ ಕೇಳ್ತ್ರು. ಹಲ್ಲೇ ಇಲ್ಲ, ನೀರಡಿಕೆ ಎಲ್ಲಿಂದ ಜಗೀಲಿ? ಕವಳ ಬೇಕಾದ್ರೆ ಕುಟ್ಟಿ ಹಾಕ್ತೆ. ಅದನ್ನ ಹೇಳಿದ್ರೆ ಬಯ್ತ್ರು ಅಂತ ಹೇಳಿಲ್ಲ."

ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ನಮ್ಮಲ್ಲಿ ನೀರಡಿಕೆ ಅಂದರೆ ನೀರಿನಲ್ಲಿ ನೆನೆಹಾಕಿಟ್ಟ, ಎಲೆಯೊಂದಿಗೆ ಕವಳ ಮಾಡಿ ಜಗಿಯುವ ಅಡಿಕೆ. ಡಾಕ್ಟರ ಊರಲ್ಲಿ ನೀರಡಿಕೆ ಅಂದರೆ ಬಾಯಾರಿಕೆ. ಅವರ ಊರಲ್ಲಿ ಆಸರು ಅಂದರೆ ದಣಿವು, ನಮ್ಮಲ್ಲಿ ಅದೇ ಬಾಯಾರಿಕೆ. ಅವರು ಸರಿಯಾಗಿಯೇ ಕೇಳಿದ್ದರು, ಇವಳೂ ಸರಿಯಾಗಿಯೇ ಹೇಳಿದ್ದಳು. ನಮ್ಮ ಶಾಲೆಯಲ್ಲಿ ಹಾವೇರಿ ಕಡೆಯ ಸಹೋದ್ಯೋಗಿಗಳಿದ್ದಾರೆ, ಹಾಗಾಗಿ ಎರಡೂ ಕಡೆಯ ಮಾತು ಗೊತ್ತಿದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ.

"ಸರ್, ಅವ್ವ ಹೇಳ್ತಿರೋ ಆಸರು ದಣಿವಲ್ಲ. ನಿಮ್ಮ ನೀರಡಿಕಿ ಅದು."

ಡಾಕ್ಟರು ಹಿಡಿದ ಪೆನ್ನು ಹಾಗೇ ಕೆಳಗಿಟ್ಟರು. "ನೀರು ಕುಡೀಬೇಕು ಅನಸ್ತೈತೇನ್ರಿ ಅಜ್ಜಿ?"

"ಮತ್ತೆಂತ ಹೇಳಿದ್ದು ನಾನು ಇಷ್ಟು ದಿನ?" ಅವ್ವನಿಗೆ ಸಿಟ್ಟೇ ಬಂತು. ಮೇಜಿನ ಮೇಲಿದ್ದ ಅವರ ನೀರಿನ ಬಾಟಲಿ ತೋರಿಸಿದಳು. "ಇದನ್ನ ಕೊಟ್ರೆ ಈಗ್ಲೇ ಖಾಲಿ ಮಾಡ್ತೆ. ಇನ್ನೊಂದು ಕೊಟ್ರೂ ಬೇಕು. ಕುಡಿದಷ್ಟೂ ಹೊರಗೆ ಹೋಗ್ಬೇಕು. ಬಚ್ಚಲಿಗೂ ಹಾಸಿಗೆಗೂ ಓಡಾಡಿ ಸಾಕಾಗಿ ಹೋತು." ಗಂಡಸರ ಮುಂದೆ ಹೇಳಲಾಗದ ಮಾತು ಸಿಟ್ಟಿನ ಭರದಲ್ಲಿ ತಾನಾಗಿಯೇ ಹೊರಬಿತ್ತು.

ಡಾಕ್ಟರು ಅಲ್ಲೇ ಬೆರಳು ಚುಚ್ಚಿ ನೋಡಿದರು. ಸಕ್ಕರೆ ಎಷ್ಟು ಏರಿತ್ತೆಂದರೆ ಆ ಪುಟ್ಟ ಯಂತ್ರ ಅಂಕಿಯನ್ನೇ ತೋರಿಸಲಿಲ್ಲ. ಸಿರ್ಸಿಯ ಆಸ್ಪತ್ರೆಗೆ ತಾವೇ ಫೋನ್ ಮಾಡಿ ಮಾತಾಡಿ, ಗಾಡಿ ಮಾಡಿ ಕಳಿಸಿಕೊಟ್ಟರು. ಇನ್ನು ಸ್ವಲ್ಪ ದಿನ ಹೀಗೇ ಬಿಟ್ಟಿದ್ದರೆ ಎಚ್ಚರ ತಪ್ಪಿದ ಮೇಲೆ ಕರೆತರುತ್ತಿದ್ದಿರಿ ಎಂದು ಸಿರ್ಸಿಯಲ್ಲಿ ಹೇಳಿದರು. ರಜೆ ಪೂರ್ತಿ ಅವ್ವನ ಮಂಚದ ಪಕ್ಕ ಕಳೆಯಿತು. ಇನ್ಸುಲಿನ್ ಶುರುವಾದ ಮೇಲೆ ಅವಳ ಮುಖಕ್ಕೆ ಮೆಲ್ಲಗೆ ಕಳೆ ಬಂತು. ಚುಚ್ಚಿಕೊಳ್ಳುವುದನ್ನು ನರ್ಸ್ ಹತ್ತಿರ ತಾನೇ ಕಲಿತಳು. ಅಣ್ಣನಿಗೆ ಸೂಜಿ ಕಂಡರೆ ಆಗುವುದಿಲ್ಲ. "ನೀನು ಆ ಕಡೆ ಮುಖ ಮಾಡಿ ನಿಲ್ಲು" ಎಂದು ಅವನನ್ನೇ ತಮಾಷೆ ಮಾಡಿದಳು.

ಕ್ರಿಸ್ಮಸ್ ರಜೆಗೆ ಮತ್ತೆ ಹೋದಾಗ ಅವ್ವನ ತಪಾಸಣೆಗೆಂದು ಸಿದ್ದಾಪುರಕ್ಕೆ ಜೊತೆಗೆ ಹೊರಟೆ. ನಮ್ಮನ್ನು ಕಂಡು ಡಾಕ್ಟರು ನಗುತ್ತಾ, "ಬರ್ರಿ ಅಜ್ಜಿ. ಆಸರು ಹೆಂಗೈತಿ? ನಿಮ್ಮ ಆಸರು ಕೇಳಾಕತ್ತೇನಿ, ನಮ್ಮದಲ್ಲ" ಅಂದರು. ಈಗ ನಮ್ಮ ಕಡೆಯ ವಯಸ್ಸಾದವರು ಯಾರೇ ಬಂದರೂ ಹಾಗೇ ಬಿಡಿಸಿ ಕೇಳುತ್ತಾರಂತೆ.

ನಾನು ಅವ್ವನ ಪಕ್ಕದ ಸ್ಟೂಲಿನಲ್ಲಿ ಕೂರಲು ಹೋದೆ. ಅವ್ವ ಬಾಗಿಲ ಕಡೆ ಕೈ ಮಾಡಿದಳು.

"ನೀ ಹೊರಗೆ ಕೂರು. ನಂಗೆ ಡಾಕ್ಟ್ರ ಹತ್ರ ಮಾತದೆ."

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಒಳಗಿನಿಂದ ಅವ್ವನ ದನಿ ಒಂದೇ ಸಮ ಕೇಳುತ್ತಿತ್ತು. ನಡುನಡುವೆ ಡಾಕ್ಟರು, "ತಡೀರಿ ಅಜ್ಜಿ, ಒಂದೊಂದ ಹೇಳ್ರಿ" ಅನ್ನುತ್ತಿದ್ದರು. ಅವ್ವ ತಡೆಯಲಿಲ್ಲ. ಪದವಿ ಕೈಗೆ ಬಂದ ದಿನ ಊರಿಡೀ ತೋರಿಸಿಕೊಂಡು ಬಂದವಳು ನಾನು. ಆ ಬೆಂಚಿನ ಮೇಲೆ ಕೂತಾಗ ಆದ ಹೆಮ್ಮೆ ಅವತ್ತೂ ಆಗಿರಲಿಲ್ಲ.