ಏಳನೇ ನಂಬರಿನ ಬೆಸುಗೆ

ದಾಂಡೇಲಿಯ ರೈಲು ಹಳಿಯ ಪಕ್ಕದ ರಿಪೇರಿ ಶೆಡ್ಡಿನಲ್ಲಿ ಗೂಳಪ್ಪ ಮೂವತ್ತು ವರ್ಷ ಟ್ಯಾಂಕ್ ವ್ಯಾಗನ್ ಬೆಸೆದ. ಬೈಲಹೊಂಗಲದ ಕಡೆಯಿಂದ ಬಂದವನು. ಮಾತು ಕಡಿಮೆ, ಆಡಿದರೆ ಟ್ಯಾಂಕಿನದೇ. ಹಿಂದೆ ತಗಡಿನ ಮೇಲೆ ತಗಡು ಹೇರಿ ಸಾಲುಸಾಲು ರಿವೆಟ್ ಬಡಿಯುತ್ತಿದ್ದರಂತೆ. ಹಳಿಯ ಕುಲುಕಾಟಕ್ಕೆ ಅವು ಸಡಿಲಾಗಿ ಒಳಗೆ ತುಂಬಿದ ಆಸಿಡ್ ತೊಟ್ಟಿಕ್ಕುತ್ತಿತ್ತಂತೆ. ಬೆಸುಗೆ ಬಂದ ಮೇಲೆ ತಗಡುಗಳು ಅಂಚಿಗೆ ಅಂಚು ಕೂಡಿ ಇಡೀ ಟ್ಯಾಂಕು ಒಂದೇ ಮೈಯಾಯಿತು, ತೂಕವೂ ಇಳಿಯಿತು. ಈ ಕಥೆಯನ್ನು ಅವನು ತನ್ನ ಮದುವೆಯ ಕಥೆಗಿಂತ ಹೆಚ್ಚು ಸಲ ಹೇಳಿದ್ದಾನೆ. ಹೆಂಡತಿ ಸಿದ್ದಕ್ಕನಿಗೆ ಬಾಯಿಪಾಠ.

ಬೆಸೆದವನು ಜೋಡಣೆಯ ಪಕ್ಕ ತನ್ನ ನಂಬರಿನ ಉಕ್ಕಿನ ಮುದ್ರೆ ಹೊಡೆಯಬೇಕು, ಅದು ಶೆಡ್ಡಿನ ಕಾನೂನು. ಗೂಳಪ್ಪನದು ಏಳು. ಏಳು ಕಂಡರೆ ತಪಾಸಣೆಯವರು ಬಗ್ಗಿ ನೋಡುವ ಕಷ್ಟವನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಜುಲೈನಲ್ಲಿ, ಅವನೇ ಕೈಹಿಡಿದು ಕಲಿಸಿದ ಜ್ಯೋತಿಬಾನ ಬೆಸೆಯುವ ಪರವಾನಗಿ ಮುಗಿಯಿತು. ಹೊಸದು ಬರಲು ತಿಂಗಳು ಬೇಕು, ಅಲ್ಲಿಯವರೆಗೆ ಅವನು ತನ್ನ ನಂಬರು ಹೊಡೆಯುವಂತಿಲ್ಲ.

"ಅಣ್ಣಾ, ಒಂದ ಜೋಡಣಿ. ನಿನ್ನ ಮುದ್ರಿ ಕೊಡು. ಖಾಲಿ ಕುಂತ್ರ ನನ್ನ ತಗದ ಹಾಕ್ತಾರ."

"ವೆಲ್ಡಿಂಗ್ ಕಡ್ಡಿ ಒಲಿಯೊಳಗ ಒಣಗಿಸ್ತೀಯಿಲ್ಲೋ?"

"ನಿನ್ನ ಶಿಷ್ಯ ಅದೀನಿ, ಇದನ್ನೂ ಕೇಳ್ತೀಯಲ್ಲ!"

ಗೂಳಪ್ಪ ನಕ್ಕು ಕೊಟ್ಟ. ಮುದ್ರೆ ಕೊಡುವುದು ತಪ್ಪೆಂದು ಅವನಿಗೆ ಗೊತ್ತಿತ್ತು. ಕೊಡದಿದ್ದರೆ ದೊಡ್ಡಸ್ತಿಕೆ ಅಂದಾರೆಂಬ ಸಂಕೋಚ.

ದಾಂಡೇಲಿಯ ಮಳೆಗಾಲದಲ್ಲಿ ವೆಲ್ಡಿಂಗ್ ಕಡ್ಡಿ ಹಪ್ಪಳಕ್ಕಿಂತ ಬೇಗ ಥಂಡಿ ಹಿಡಿಯುತ್ತದೆ. ಹಸಿ ಕಡ್ಡಿಯ ಬೆಸುಗೆ ಮೇಲೆ ಚಂದ, ಒಳಗೆ ತೂತು. ಪರೀಕ್ಷೆಗೆಂದು ಟ್ಯಾಂಕಿಗೆ ನೀರು ತುಂಬಿ ಒತ್ತಡ ಏರಿಸಿದಾಗ ಏಳನೇ ಮುದ್ರೆಯ ಪಕ್ಕದಲ್ಲೇ ಬೆವರಿನಂತೆ ಹನಿ ಮೂಡಿತು.

ಸೂಪರ್‌ವೈಸರ್ ಪರಸಪ್ಪ ಎಲ್ಲರನ್ನೂ ಕರೆಸಿದ. ಗೂಳಪ್ಪ ಜ್ಯೋತಿಬಾನ ಮುಖ ನೋಡಿದ, ಈಗ ಹೇಳುತ್ತಾನೆ ಎಂದು. ಜ್ಯೋತಿಬಾ ಟ್ಯಾಂಕು ನೋಡಿದ.

"ನಂಬರ್ ಏಳು ಐತಲ್ರೀ. ನನ್ನ ಯಾಕ ಕೇಳ್ತೀರಿ?"

ಗೂಳಪ್ಪ ಪರಸಪ್ಪನ ತೋಳು ಹಿಡಿದು ಬೆಸುಗೆಯ ಹತ್ತಿರ ಎಳೆದ. "ಸಾಹೇಬ್ರ, ಇದು ನನ್ನ ಕೈ ಏನ್ರಿ? ಮೂವತ್ತ ವರ್ಷ ನೋಡೀರಿ, ನೀವ ಹೇಳ್ರಿ."

ಪರಸಪ್ಪ ಬಗ್ಗಿ ಬೆಸುಗೆಯ ಮೇಲೆ ಬೆರಳಾಡಿಸಿದ. "ಯಾರ ಕೈ ಅಂತ ನನಗ ಗೊತ್ತೈತಿ, ಗೂಳಪ್ಪಾ. ಕಾಗದದಾಗ ಕೈ ಬರ್ಯೂದಿಲ್ಲ, ನಂಬರ್ ಬರೀತಾರ. ಮುದ್ರಿ ಕೊಟ್ಟೀನಿ ಅಂದ್ರ ಅದೂ ನಿಂದ ತಪ್ಪು."

ಗೂಳಪ್ಪನ ನಂಬರು ಪಟ್ಟಿಯಿಂದ ಹೋಯಿತು, ಕೆಲಸವೂ.

ಗೇಟಿನಲ್ಲಿ ಜ್ಯೋತಿಬಾ ಹಿಂದಿನಿಂದ ಓಡಿಬಂದ. "ಸಿಟ್ಟಾಗಬ್ಯಾಡ ಅಣ್ಣಾ. ನಿಂದು ನೌಕರಿ ಎರಡ ವರ್ಷ ಉಳದಿತ್ತು, ನಂದು ಪೂರ್ತಿ ಐತಿ."

ಗೂಳಪ್ಪ ಅವನ ಭುಜದ ಮೇಲಿನ ಬೆಸುಗೆಯ ಕಿಟ್ಟ ಕೊಡವಿದ.

"ಇನ್ನಮ್ಯಾಲರ ಕಡ್ಡಿ ಒಣಗಿಸೋ. ಮುಂದಿನ ಟ್ಯಾಂಕಿಗೆ ನಿನ್ನ ನಂಬರ್ ಬೀಳತೈತಿ."